ಕೆಂಪು ಬಟ್ಟೆಯ ಕಟ್ಟು

ಭದ್ರಾವತಿಯ ಜನ್ನಾಪುರದ ಬಸ್ ಸ್ಟಾಪಿನಲ್ಲಿ ಬೆಳಿಗ್ಗೆ ಏಳೂ ಮುಕ್ಕಾಲಿಗೆ ನಿಲ್ಲುವವರಿಗೆಲ್ಲ ಮಂಜುಶ್ರೀ ಮೇಡಂ ಗೊತ್ತು. ಹೆಸರು ಗೊತ್ತಿಲ್ಲದವರಿಗೂ ಅವಳ ಚೀಲ ಗೊತ್ತು. ಹೆಗಲಿಗೊಂದು, ಕೈಗೊಂದು. ಹೆಗಲಿನದರಲ್ಲಿ ಊಟದ ಡಬ್ಬಿ, ನೀರಿನ ಬಾಟಲಿ, ಮಳೆಯಿರಲಿ ಬಿಡಲಿ ಒಂದು ಛತ್ರಿ. ಕೈಯದರಲ್ಲಿ ಶಾಲೆಯ ಮಕ್ಕಳು ಬರೆದದ್ದು. ಬಸ್ಸು ಬಂದ ಕೂಡಲೇ ಕಂಡಕ್ಟರು ಬಾಗಿಲಿಂದಲೇ ಕೈಚಾಚಿ ಮೊದಲು ಚೀಲವನ್ನು ಹತ್ತಿಸಿಕೊಳ್ಳುತ್ತಾನೆ, ಆಮೇಲೆ ಅವಳನ್ನು. ಕಡದಕಟ್ಟೆಯ ಹತ್ತಿರ ಸೀಟು ಸಿಕ್ಕರೆ ಕೆಂಪು ಪೆನ್ನು ಹೊರಗೆ ಬರುತ್ತದೆ. ನಿದಿಗೆ ಸ್ಟಾಪು ಬರುವಷ್ಟರಲ್ಲಿ ನಾಲ್ಕು ನೋಟ್ ಬುಕ್ಕು ಮುಗಿದಿರುತ್ತದೆ. ರಸ್ತೆಯ ಗುಂಡಿಗಳ ಲೆಕ್ಕ ಅವಳ ಸಹಿಯಲ್ಲೇ ಸಿಗುತ್ತದೆ ಎಂದು ಮಕ್ಕಳು ಆಡಿಕೊಳ್ಳುವುದುಂಟು.

ಶಿವಮೊಗ್ಗದಲ್ಲಿ ಸವಳಂಗ ರಸ್ತೆಯಿಂದ ಒಳಕ್ಕೆ ತಿರುಗಿದರೆ, ಸೈಕಲ್ ಅಂಗಡಿ, ಬೇಕರಿ ದಾಟಿ ಅವಳ ಶಾಲೆ. ಕನ್ನಡ ಮಾಧ್ಯಮದ ಹೈಸ್ಕೂಲು. ಎಂಟರಿಂದ ಹತ್ತರವರೆಗೆ ಇಂಗ್ಲಿಷಿಗೆ ಅವಳೊಬ್ಬಳೇ. ಹನ್ನೊಂದು ವರ್ಷದಿಂದ ಅಷ್ಟೂ ಮಕ್ಕಳ ಇಂಗ್ಲಿಷು ಜನ್ನಾಪುರಕ್ಕೂ ಸವಳಂಗ ರಸ್ತೆಗೂ ಅವಳ ಕೈಯಲ್ಲೇ ಓಡಾಡಿದೆ.

ದಸರಾ ರಜೆಯ ಹಿಂದಿನ ವಾರವೆಂದರೆ ಉಸಿರಾಡಲು ಪುರುಸೊತ್ತಿಲ್ಲ. ಅರ್ಧವಾರ್ಷಿಕ ಪರೀಕ್ಷೆ ಮುಗಿದದ್ದು ಮಂಗಳವಾರ. ಶುಕ್ರವಾರ ನಾಲ್ಕು ಗಂಟೆಗೆ ಅಂಕಪಟ್ಟಿ ಹೆಡ್ ಮಾಸ್ಟರ ಮೇಜಿನ ಮೇಲಿರಬೇಕು. ಅದರ ಮಧ್ಯೆ ಪ್ರತಿಭಾ ಕಾರಂಜಿಗೆ ಒಂದು ಹುಡುಗಿಗೆ ಇಂಗ್ಲಿಷ್ ಪದ್ಯ ಬಾಯಿಪಾಠ ಮಾಡಿಸಬೇಕು, ರಜೆಯ ಹೋಂವರ್ಕ್ ಬರೆಸಬೇಕು, ಬರೆಸಿದ ಮೇಲೆ ಅದು ಹೆಚ್ಚಾಯಿತೆಂದು ಹತ್ತನೆಯವರು ತೆಗೆಯುವ ರಾಗ ಕೇಳಿಸಿಕೊಳ್ಳಬೇಕು. ಶುಕ್ರವಾರ ಕೊನೆಯ ದಿನ, ಶಾಲೆಯಲ್ಲಿ ಶಾರದಾ ಪೂಜೆ. ಶನಿವಾರದಿಂದ ರಜೆ.

ಈ ಸಲ ಆ ಶನಿವಾರದ ಮೇಲೆ ಒಂದು ಮಾತು ನಿಂತಿತ್ತು. ಅತ್ತೆ ಸುವರ್ಣಮ್ಮನಿಗೆ ಕೊಟ್ಟ ಮಾತು.

ಸುವರ್ಣಮ್ಮ ಏನನ್ನೂ ಕೇಳುವವರಲ್ಲ. ಬೆಳಿಗ್ಗೆ ಐದಕ್ಕೆ ಎದ್ದು ರೊಟ್ಟಿ ತಟ್ಟಿ, ಸೊಸೆಯ ಡಬ್ಬಿ ಕಟ್ಟಿ, ಗೇಟಿನವರೆಗೆ ಬಂದು ಛತ್ರಿ ನೆನಪು ಮಾಡಿ ಒಳಗೆ ಹೋಗುವವರು. ಹನ್ನೊಂದು ವರ್ಷ ಹಾಗೇ ನಡೆದಿದೆ. ಕಳೆದ ವರ್ಷ ಬೇಸಿಗೆಯಲ್ಲಿ ಒಂದು ಸಂಜೆ, ಬೀನ್ಸ್ ನಾರು ತೆಗೆಯುತ್ತ, ಸಕ್ರೆಬೈಲಿನ ಬಿಡಾರಕ್ಕೆ ಹೋಗಿ ಆನೆ ಸ್ನಾನ ಮಾಡುವುದನ್ನು ನೋಡಬೇಕು ಎಂದರು. ಅವರ ಅಪ್ಪ ಉಂಬ್ಳೇಬೈಲಿನ ಕಡೆ ಕಾಡಿನ ಮರ ಕಡಿಯುವ ಕೂಪಿನಲ್ಲಿ ಕೂಲಿಯಾಗಿದ್ದವರು. ಕಡಿದ ಮರ ಎಳೆಯಲು ಬರುತ್ತಿದ್ದ ಒಂದು ಹೆಣ್ಣಾನೆ ಅವರ ಗುಡಿಸಲಿನ ಮುಂದೆ ದಿನಾ ನಿಲ್ಲುತ್ತಿತ್ತಂತೆ, ಆರು ವರ್ಷದ ಸುವರ್ಣಿಯ ಅಂಗೈಯಿಂದ ಬೆಲ್ಲ ತೆಗೆದುಕೊಳ್ಳುತ್ತಿತ್ತಂತೆ. ಸೊಂಡಿಲಿನ ತುದಿ ತಣ್ಣಗಿತ್ತು, ಮಗುವಿನ ಮೂಗಿನ ಹಾಗೆ ಒದ್ದೆ ಇತ್ತು ಎಂದರು. ಭದ್ರಾವತಿಯಿಂದ ಇಷ್ಟು ಹತ್ತಿರ ಇದ್ದೂ ಆಮೇಲೆ ಆನೆಯ ಹತ್ತಿರ ಹೋದದ್ದೇ ಇಲ್ಲ. ಗಂಡ ಕೃಷ್ಣಪ್ಪ ಕಾರ್ಖಾನೆಯಿಂದ ನಿವೃತ್ತರಾದವರು. ಆನೆ ಟಿವಿಯಲ್ಲೂ ಅಷ್ಟೇ ದೊಡ್ಡದಿರುತ್ತದೆ ಎನ್ನುವುದು ಅವರ ವಾದ. ಮಗ ನಿಶಾಂತ್ ವಿದ್ಯುತ್ ಇಲಾಖೆಯವನು, ದಸರಾ ಬಂದರೆ ದೀಪದ ಕಂಬಗಳ ಮೇಲೆಯೇ ಇರುತ್ತಾನೆ. ಮೊಮ್ಮಗಳು ಪ್ರಿಯದರ್ಶಿನಿ ಸ್ಕೂಲ್ ಟ್ರಿಪ್ಪಿನಲ್ಲಿ ಎರಡು ಸಲ ನೋಡಿ ಬಂದಿದ್ದಾಳೆ.

ಉಳಿದವಳು ಮಂಜುಶ್ರೀ. ಆ ಬೇಸಿಗೆ ರಜೆಯ ಮೊದಲ ದಿನ ಹೋಗೋಣ ಎಂದಿದ್ದಳು, ಹತ್ತನೆಯ ತರಗತಿ ಮೌಲ್ಯಮಾಪನಕ್ಕೆ ಆದೇಶ ಬಂತು. ಅದೇ ವರ್ಷದ ದಸರಾಕ್ಕೆ ಹೋಗೋಣ ಎಂದಳು, ಮನೆಮನೆ ಸಮೀಕ್ಷೆಗೆ ಹಾಕಿದರು. ಎರಡು ಸಲವೂ ಸುವರ್ಣಮ್ಮ, ಆನೆ ಎಲ್ಲಿಗೆ ಹೋಗುತ್ತೆ ಎಂದು ಸುಮ್ಮನಾದರು. ಮೂರನೆಯ ಸಲ ಆ ಮಾತು ಕೇಳಿಸಿಕೊಳ್ಳುವುದು ತನ್ನಿಂದಾಗದು ಎಂದು ಮಂಜುಶ್ರೀಗೆ ಗೊತ್ತಿತ್ತು. ಅದಕ್ಕೇ ಆ ವಾರ ಬಸ್ಸಿನಲ್ಲಿ, ಪ್ರಾರ್ಥನೆಯ ಮುಂಚೆ, ಬಿಸಿಯೂಟದ ಸಾಲಿನ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಪತ್ರಿಕೆ ತಿದ್ದಿದಳು. ಗುರುವಾರ ಸಂಜೆಗೆ ಉಳಿದದ್ದು ಒಂಬತ್ತನೇ ಬಿ ಮಾತ್ರ. ನಲವತ್ತೆರಡು ಪತ್ರಿಕೆ.

ಆ ನಲವತ್ತೆರಡೂ ಒಂದು ಕೆಂಪು ಬಟ್ಟೆಯಲ್ಲಿದ್ದವು. ಬಸ್ಸಿನಲ್ಲಿ ಪತ್ರಿಕೆಗಳ ಮೂಲೆ ಮಡಿಚಿ ಹೋಗುತ್ತವೆಂದು ಸುವರ್ಣಮ್ಮನೇ ಯಾವುದೋ ಮದುವೆಯಲ್ಲಿ ಕೊಟ್ಟ ರವಿಕೆ ಕಣಗಳನ್ನು ಜೋಡಿಸಿ ಹೊಲಿದುಕೊಟ್ಟ ಬಟ್ಟೆ. ಸುತ್ತ ಸಣ್ಣ ಜರಿ ಅಂಚು. ಎಂದಿನಂತಾಗಿದ್ದರೆ ಅದು ಗುರುವಾರ ಸಂಜೆ ಮನೆಗೆ ಬರಬೇಕಿತ್ತು. ಆದರೆ ಅಂದು ಬೆಳಿಗ್ಗೆ ಗೇಟಿನ ಹತ್ತಿರ ಸುವರ್ಣಮ್ಮ ಹೇಳಿದ್ದರು.

“ಸಂಜೆ ಬರೋವಾಗ ಆ ಕಟ್ಟು ತರಬೇಡ ಮಂಜೂ. ಒಂದಿನ ನಮ್ಮನೇಲಿ ನಮ್ಮನೇವ್ರು ಮಾತ್ರ ಇರ್ಲಿ.”

ಶುಕ್ರವಾರ ಬೆಳಿಗ್ಗೆ ಮಕ್ಕಳು ರಂಗೋಲಿ, ತೋರಣ ಎಂದು ಓಡಾಡುತ್ತಾರೆ, ಪಾಠವಿರುವುದಿಲ್ಲ, ಮಧ್ಯಾಹ್ನದೊಳಗೆ ಮುಗಿಸಬಹುದು ಎಂದು ಲೆಕ್ಕ ಹಾಕಿದಳು ಮಂಜುಶ್ರೀ. ಕಟ್ಟನ್ನು ಸ್ಟಾಫ್ ರೂಮಿನ ಮೇಜಿನ ಮೇಲೆ ಇಟ್ಟು ಗಂಟು ಬಿಗಿದು ಬರಿಗೈಯಲ್ಲಿ ಬಸ್ಸು ಹತ್ತಿದಳು. ಕಂಡಕ್ಟರು ಚೀಲಕ್ಕೆಂದು ಚಾಚಿದ ಕೈಯನ್ನು ಹಾಗೇ ಹಿಂದಕ್ಕೆ ತೆಗೆದುಕೊಂಡ.

ಶುಕ್ರವಾರ ಅವಳು ಬಂದಾಗ ಮೇಜು ಒರೆಸಿಟ್ಟಂತೆ ಖಾಲಿ ಇತ್ತು. ಶಾಲೆಯ ದೊಡ್ಡ ಹಾಲ್‌ನಲ್ಲಿ ಶಾರದೆ ಆಗಲೇ ಕೂತಾಗಿತ್ತು. ಚೆಂಡುಹೂವಿನ ಮಾಲೆ, ಎರಡು ಬಾಳೆಕಂದು, ಮುಂದೆ ಚಾಕ್ ಪೀಸಿನ ಡಬ್ಬಿ, ಲ್ಯಾಬಿನ ಸೂಕ್ಷ್ಮದರ್ಶಕ, ಪಿ.ಟಿ. ಮಾಸ್ಟರ ಸೀಟಿ, ಸ್ಟಾಫ್ ರೂಮಿನ ಅಷ್ಟೂ ಕೆಂಪು ಪೆನ್ನು, ಎಲ್ಲಕ್ಕೂ ಕುಂಕುಮದ ಬೊಟ್ಟು. ಕಲಶವನ್ನು ಪುಸ್ತಕಗಳ ಎತ್ತರದ ಪೀಠದ ಮೇಲೆ ಇಟ್ಟಿದ್ದರು. ಪೀಠದ ತೀರಾ ಕೆಳಗೆ, ನಿಘಂಟುಗಳ ಅಡಿಯಲ್ಲಿ, ಜರಿ ಅಂಚಿನ ಕೆಂಪು ಬಟ್ಟೆ ಒಂದು ಬೆರಳಗಲ ಕಾಣುತ್ತಿತ್ತು.

ಪೂಜೆಯ ಏರ್ಪಾಡು ಪ್ರತಿವರ್ಷವೂ ಅಟೆಂಡರ್ ವಸಂತಮ್ಮನದು. ಆರು ಗಂಟೆಗೇ ಬಂದು ತಲೆಗೆ ನೀರು ಹಾಕಿಕೊಂಡ ಕೂದಲನ್ನು ಗಂಟು ಕಟ್ಟಿ ಶುರು ಮಾಡಿದರೆ ಅವಳನ್ನು ಯಾರೂ ಮಾತಾಡಿಸುವ ಹಾಗಿಲ್ಲ. ಆ ಕಟ್ಟು ಅಲ್ಲಿಗೆ ಹೇಗೆ ಹೋಯಿತೆಂದು ಕೇಳಿದಾಗ ಅವಳ ಮುಖದಲ್ಲಿ ನಿಜವಾದ ಸಂತೋಷವಿತ್ತು.

“ನೀವೇ ಪೂಜೆಗೆ ಅಂತ ಕೆಂಪು ಬಟ್ಟೇಲಿ ಕಟ್ಟಿಟ್ಟಿದ್ರಲ್ಲ ಮೇಡಂ. ಉಳಿದೋರೆಲ್ಲ ಹಂಗೇ ಚೆಲ್ಲಾಡಿ ಹೋಗಿದ್ರು. ನಿಮ್ಮದೊಂದೇ ಲಕ್ಷಣವಾಗಿತ್ತು ಅಂತ ಅದನ್ನೇ ತಾಯಿ ಕೆಳಗೆ ಇಟ್ಟೆ.”

“ಅದು ನೈಂತ್ ಬಿ ವಸಂತಮ್ಮ. ಇನ್ನೂ ತಿದ್ದಿಲ್ಲ.”

ವಸಂತಮ್ಮ ಬಾಯಿ ಮೇಲೆ ಕೈಯಿಟ್ಟಳು. ಆದರೆ ಕಲಶದ ಕಡೆ ಒಂದು ಹೆಜ್ಜೆಯನ್ನೂ ಇಡಲಿಲ್ಲ.

ಪಕ್ಕದಲ್ಲೇ ಮಾವಿನ ತೋರಣ ಕಟ್ಟುತ್ತಿದ್ದ ಕನ್ನಡದ ಮೇಷ್ಟ್ರು ಚೌಡಪ್ಪ, ನೈಂತ್ ಬಿ ಇಂಗ್ಲಿಷಿನ ಮೇಲೆ ಯಾರಾದರೂ ಗಟ್ಟಿಯಾಗಿ ಕೂರಲೇಬೇಕಾಗಿತ್ತು, ಕೊನೆಗೂ ತಾಯಿಯೇ ಬಂದಳು ಎಂದರು. ನಗು ಬಂತು ಮಂಜುಶ್ರೀಗೆ. ನಗುತ್ತಲೇ ಹೆಡ್ ಮಾಸ್ಟರ ಕೋಣೆಗೆ ನಡೆದಳು.

ಹೆಡ್ ಮಾಸ್ಟರು ವಿಜಯಕುಮಾರ್ ವಿಜ್ಞಾನದ ಮೇಷ್ಟ್ರು. ಗ್ರಹಣದ ದಿನ ಮಕ್ಕಳನ್ನು ಹೊರಗೆ ಕರೆದು ಸೂರ್ಯನನ್ನು ತೋರಿಸುವವರು, ಬೇಕೆಂದೇ ಆಗ ಬಿಸ್ಕತ್ತು ತಿನ್ನುವವರು. ಶಾರದಾ ಪೂಜೆಯ ಮಟ್ಟಿಗೆ ಮಾತ್ರ ಅವರು ಬೇರೆ ಮನುಷ್ಯ. ಕೆಲವು ವರ್ಷದ ಹಿಂದೆ ಯಾರೋ ಅವಸರ ಮಾಡಿ ಪೂಜೆಯ ದಿನ ಸಂಜೆಯೇ ಕಲಶ ಎತ್ತಿಟ್ಟಿದ್ದರಂತೆ. ಆ ವರ್ಷ ಹತ್ತನೆಯ ಫಲಿತಾಂಶ ಬಿದ್ದ ರೀತಿಯನ್ನು ಅವರು ಇನ್ನೂ ಮರೆತಿಲ್ಲ. ಏಳೂವರೆಯ ಒಳ್ಳೆಯ ಗಳಿಗೆಯಲ್ಲಿ ತಾವೇ ಕಲಶ ಇಟ್ಟಾಗಿದೆ ಎಂದರು. ಮಂಜುಶ್ರೀ ಪೂರ್ತಿ ಹೇಳುವ ತನಕ ಕೇಳಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಶುಕ್ರವಾರ ತಾಯಿನ ಏಳಿಸೋದಾ ಮೇಡಂ? ಮನೇಲಿ ನೀವು ಏಳಿಸ್ತೀರಾ?”

ಇಲ್ಲ, ಮನೆಯಲ್ಲಿ ಅವಳೂ ಏಳಿಸುವುದಿಲ್ಲ. ಶುಕ್ರವಾರ ಇಟ್ಟ ಕಲಶವನ್ನು ಶನಿವಾರ ಬೆಳಿಗ್ಗೆಯೇ ಕದಲಿಸುವುದು. ವಿಜಯಕುಮಾರರು ತಾವೇ ಒಂದು ದಾರಿ ಹುಡುಕಿದರು. ಶನಿವಾರ ಬೆಳಿಗ್ಗೆ ವಸಂತಮ್ಮ ಬಂದು ಕದಲಿಸಲಿ, ಮೇಡಂ ಬಂದು ತಿದ್ದಲಿ, ಹನ್ನೆರಡಕ್ಕೆ ಪಟ್ಟಿ ಕೊಡಲಿ, ತಾವು ಇಲಾಖೆಯ ಕಚೇರಿಗೆ ತಲುಪಿಸುತ್ತೇವೆ ಎಂದರು. ಇಷ್ಟು ಮಾಡಿಕೊಟ್ಟದ್ದಕ್ಕೆ ಅವಳು ಥ್ಯಾಂಕ್ಸ್ ಹೇಳಬೇಕಾಯಿತು. ಸಕ್ರೆಬೈಲಿನಲ್ಲಿ ಆನೆಗಳು ಹೊಳೆಗೆ ಬರುವುದು ಬೆಳಿಗ್ಗೆ ಮಾತ್ರ. ಹನ್ನೊಂದಾಗುವಷ್ಟರಲ್ಲಿ ಮಾವುತರು ಕಾಡಿಗೆ ಹೊಡೆದುಕೊಂಡು ಹೋಗುತ್ತಾರೆ.

ಪೂಜೆ ಚೆನ್ನಾಗಿಯೇ ನಡೆಯಿತು. ಯೂನಿಫಾರ್ಮ್ ಬಿಟ್ಟು ಬಂದ ಮಕ್ಕಳು ಒಬ್ಬರನ್ನೊಬ್ಬರು ಗುರುತು ಸಿಗದವರಂತೆ ನೋಡುತ್ತಿದ್ದರು. ತಮ್ಮ ಇಂಗ್ಲಿಷ್ ಪತ್ರಿಕೆ ದೇವಿಯ ಅಡಿಯಲ್ಲಿದೆ ಎಂಬ ಸುದ್ದಿ ಒಂಬತ್ತನೇ ಬಿಗೆ ಹೇಗೋ ತಲುಪಿತು. ಇಡೀ ಶಾಲೆ ಒಂದು ಸಲ ಕೈಮುಗಿದರೆ ಅವರು ಮೂರು ಸಲ ಮುಗಿದರು. ಒಬ್ಬ ಪ್ರದಕ್ಷಿಣೆಗೂ ಹೊರಟಿದ್ದ, ಹಿಂದೆ ಗೋಡೆ ಇದ್ದದ್ದರಿಂದ ನಿಂತ. ಕವನ ಎಂಬ ಹುಡುಗಿ ಮಾತ್ರ ಕಂಬಕ್ಕೆ ಒರಗಿ ನಿಂತಿದ್ದಳು. ಒಂಬತ್ತಕ್ಕೆ ಬಂದ ಮೇಲೆ ಒಂದು ಟೆಸ್ಟಿನಲ್ಲೂ ಇಂಗ್ಲಿಷ್ ಪಾಸಾಗದವಳು. ಎಷ್ಟು ಬಂತು ಮಿಸ್ ಎಂದು ಎಲ್ಲರೂ ಮುತ್ತಿಕೊಂಡಾಗಲೂ ಅವಳು ಹತ್ತಿರ ಬರಲಿಲ್ಲ. ಕೋಸಂಬರಿಯ ದೊನ್ನೆ ಹಿಡಿದು ದೂರದಿಂದಲೇ ಹ್ಯಾಪಿ ಹಾಲಿಡೇಸ್ ಮಿಸ್ ಎಂದು, ಹೇಳಿದ್ದು ಸರಿಯಾಯಿತೋ ಇಲ್ಲವೋ ಎಂದು ಮಂಜುಶ್ರೀಯ ಮುಖ ನೋಡಿದಳು.

ಸಂಜೆ ಬಸ್ಸಿನಲ್ಲಿ ಸೀಟು ಸಿಕ್ಕಿತು, ತಿದ್ದಲು ಏನೂ ಇರಲಿಲ್ಲ. ಮಂಜುಶ್ರೀ ಮಾಚೇನಹಳ್ಳಿಯವರೆಗೂ ಅತ್ತೆಗೆ ಹೇಳುವ ಮಾತನ್ನು ಕೂಡಿಸುತ್ತ, ಕಳೆಯುತ್ತ ಬಂದಳು.

ಮನೆಯಲ್ಲಿ ಎಲ್ಲ ಸಿದ್ಧವಾಗಿತ್ತು. ಗಿಣಿಹಸಿರು ಸೀರೆ ಇಸ್ತ್ರಿಯಾಗಿ ಕುರ್ಚಿಯ ಬೆನ್ನ ಮೇಲೆ ಕೂತಿತ್ತು. ಅವಲಕ್ಕಿಗೆ ಒಗ್ಗರಣೆ ಬೆಳಿಗ್ಗೆ ಎಂದು ಕರಿಬೇವು ತೊಳೆದಿಟ್ಟಿದ್ದರು. ಮೇಜಿನ ಮೇಲೆ ಪೇಪರಿನಲ್ಲಿ ಒಂದು ಉಂಡೆ ಬೆಲ್ಲ. ಮಂಜುಶ್ರೀ ನಿಂತಲ್ಲೇ ನಡೆದದ್ದನ್ನೆಲ್ಲ ಹೇಳಿದಳು. ಕೆಂಪು ಬಟ್ಟೆಯ ವಿಷಯ ಬಂದಾಗ ಸುವರ್ಣಮ್ಮ ಜೋರಾಗಿ ನಕ್ಕರು. ತಾವು ಹೊಲಿದ ಬಟ್ಟೆಯ ಮೇಲೆ ಶಾರದೆ ಕೂತದ್ದು ಅವರಿಗೆ ನಿಜಕ್ಕೂ ಹಿಗ್ಗು. ಆಮೇಲೆ ಶನಿವಾರದ ಮಾತು ಬಂತು.

ಕೃಷ್ಣಪ್ಪ ಪೇಪರಿನ ಹಿಂದಿನಿಂದ, “ಆನೆ ಏನು ವಾಲಂಟರಿ ರಿಟೈರ್‌ಮೆಂಟ್ ತಗೊಂಡು ಹೋಗ್ಬಿಡುತ್ತಾ?” ಎಂದರು.

ಸುವರ್ಣಮ್ಮ ಬೆಲ್ಲವನ್ನು ಎತ್ತಿಕೊಂಡು ಒಳಗೆ ಹೋದರು. ಡಬ್ಬಿಯ ಮುಚ್ಚಳ ಹಾಕಿದ ಸದ್ದು ಕೇಳಿಸಿತು. ಮಂಜುಶ್ರೀ ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತಿದ್ದಳು. ಮೂರನೆಯ ಸಲದ ಆ ಮಾತು ಈಗ ಬರುತ್ತದೆ ಎಂದು ಕಾದಳು. ಬರಲಿಲ್ಲ. ಅಡಿಗೆಮನೆಯಿಂದ ಬೇರೆಯೇ ಪ್ರಶ್ನೆ ಬಂತು.

“ಬೆಳಿಗ್ಗೆ ಎಷ್ಟು ಗಂಟೆಗೆ ಕದಲಿಸ್ತಾಳಂತೆ ಅವಳು?”

“ಏಳಕ್ಕೆ ಕದಲಿಸ್ತೀನಿ ಅಂದಿದಾಳೆ ಅತ್ತೆ.”

“ಹಂಗಾದ್ರೆ ಫಸ್ಟ್ ಬಸ್ಸಿಗೆ ಹೋಗಣ. ಸಕ್ರೆಬೈಲಿಗೆ ಹೋಗೋದೂ ಶಿವಮೊಗ್ಗದ ಮೇಲೇ ಅಲ್ವಾ? ನೀನು ತಿದ್ದು, ನಾನು ಕೂತಿರ್ತೀನಿ. ಆದ್ರೆ ಆಯ್ತು, ಇಲ್ದಿದ್ರೆ ಶಾರದೆ ಪ್ರಸಾದನಾದ್ರೂ ಸಿಗುತ್ತೆ.”

ಡಬ್ಬಿಯ ಮುಚ್ಚಳ ಮತ್ತೆ ತೆರೆದ ಸದ್ದಾಯಿತು.

ಶನಿವಾರ ಬೆಳಿಗ್ಗೆ ಆರೂ ಮುಕ್ಕಾಲಿಗೆ ಸವಳಂಗ ರಸ್ತೆಯಲ್ಲಿ ಹಾಲಿನ ಅಂಗಡಿ ಬಿಟ್ಟರೆ ಬೇರೇನೂ ತೆರೆದಿರಲಿಲ್ಲ. ಮಕ್ಕಳಿಲ್ಲದ ಶಾಲೆಯ ಅಂಗಳದಲ್ಲಿ ನಿನ್ನೆಯ ರಂಗೋಲಿ ಹಾಗೇ ಇತ್ತು, ಒಂದು ಮೂಲೆಯಲ್ಲಿ ಮಾತ್ರ ಯಾರದೋ ಚಪ್ಪಲಿಯ ಗುರುತು. ವಸಂತಮ್ಮ ದೀಪ ಹಚ್ಚಿ ಕಾಯುತ್ತಿದ್ದಳು. ಗಿಣಿಹಸಿರು ಸೀರೆಯ ಸುವರ್ಣಮ್ಮನನ್ನು ಕಂಡು, ಹಿರಿಯರು ಬಂದಿದ್ದೀರಿ, ನಿಮ್ಮ ಕೈಯಿಂದಲೇ ಆಗಲಿ ಎಂದಳು. ಸುವರ್ಣಮ್ಮ ಕೈಕಾಲು ತೊಳೆದು ಬಂದು ಆರತಿ ಬೆಳಗಿದರು. ಕಲಶವನ್ನು ಎರಡೂ ಕೈಯಲ್ಲಿ ಹಿಡಿದು, ನಿದ್ದೆಹೋದ ಮಗುವನ್ನು ಸರಿಸುವವರಂತೆ ಸ್ವಲ್ಪ ಪಕ್ಕಕ್ಕೆ ಸರಿಸಿದರು. ಒಂದೊಂದೇ ನಿಘಂಟು ಕೆಳಗಿಳಿಯಿತು. ಕೊನೆಗೆ ಕೆಂಪು ಕಟ್ಟು. ಗಂಟಿನ ಮೇಲೆ ಅಕ್ಷತೆ, ಒಂದು ಬಾಡಿದ ಸೇವಂತಿಗೆ.

ಆಗ ಏಳೂ ಹತ್ತು. ಮಂಜುಶ್ರೀ ಕುಂಕುಮ ಮೆತ್ತಿದ ಪೆನ್ನು ಎತ್ತಿಕೊಂಡು ಕೂತಳು.

ಮೊದಲ ಹತ್ತು ಪತ್ರಿಕೆ ಬೇಗ ಓಡಿದವು. ಗೆಳೆಯನಿಗೆ ರಜೆಯ ಬಗ್ಗೆ ಪತ್ರ ಬರೆಯಿರಿ ಎಂಬ ಪ್ರಶ್ನೆಗೆ ಎಲ್ಲರ ಗೆಳೆಯನೂ ಮೈಸೂರಿನಲ್ಲೇ ಇದ್ದ, ಎಲ್ಲರೂ ಜೋಗಕ್ಕೇ ಹೋಗುವವರಿದ್ದರು, ಗೈಡಿನಲ್ಲಿ ಹಾಗಿತ್ತು. ಹನ್ನೊಂದನೆಯದು ಕವನಳದು. ಅವಳು ಜೋಗಕ್ಕೆ ಹೋಗಿರಲಿಲ್ಲ. ಮುರುಕು ಇಂಗ್ಲಿಷಿನಲ್ಲಿ, ರಜೆಯಲ್ಲಿ ನಾನು ಎಲ್ಲಿಗೂ ಹೋಗುವುದಿಲ್ಲ, ಅಮ್ಮನಿಗೂ ರಜೆ ಕೊಡುತ್ತೇನೆ, ನಾನು ಅನ್ನ ಮಾಡುತ್ತೇನೆ, ಅಮ್ಮ ಕುರ್ಚಿಯಲ್ಲಿ ಕೂತು ಟೀ ಕುಡಿಯುತ್ತಾಳೆ ಎಂದು ಬರೆದಿದ್ದಳು. ಮಂಜುಶ್ರೀ ಅದನ್ನು ಎರಡು ಸಲ ಓದಿದಳು. ಐದಕ್ಕೆ ನಾಲ್ಕು ಕೊಟ್ಟಳು. ಗಡಿಯಾರ ನೋಡಿ, ಅವಸರದಲ್ಲಿ ಕೂಡಿಸಿ, ಮೇಲೆ ಇಪ್ಪತ್ತಾರು ಎಂದು ಹಾಕಿ ಪಕ್ಕಕ್ಕಿಟ್ಟಳು. ಎಂಬತ್ತಕ್ಕೆ ಪಾಸಾಗಲು ಇಪ್ಪತ್ತೆಂಟು ಬೇಕು.

ಸುವರ್ಣಮ್ಮ ಬೆಂಚಿನ ಮೇಲೆ ಸುಮ್ಮನೆ ಕೂರುವವರಲ್ಲ. ಮುಗಿದ ಪತ್ರಿಕೆಗಳ ಅಕ್ಷತೆ ಕೊಡವಿ ಜೋಡಿಸುತ್ತಿದ್ದರು. ಏಳನೆಯವರೆಗೆ ಓದಿದವರು, ಇಂಗ್ಲಿಷ್ ಬಾರದು. ಅಂಚಿನಲ್ಲಿದ್ದ ಕೆಂಪು ಅಂಕಿಗಳನ್ನು ಬೆರಳ ಗೆಣ್ಣಿನ ಮೇಲೆ ಎಣಿಸುತ್ತ ಹೋಗಿ, ಒಂದು ಪತ್ರಿಕೆಯನ್ನು ಸೊಸೆಯ ಮುಂದೆ ಹಿಡಿದರು.

“ಇದನ್ನ ಇನ್ನೊಂದ್ಸಲ ಕೂಡಿಸು. ನಂಗೆ ಮೂವತ್ತು ಬರ್ತಿದೆ.”

ಮಂಜುಶ್ರೀ ಕೂಡಿಸಿದಳು. ಪತ್ರಕ್ಕೆ ಕೊಟ್ಟ ನಾಲ್ಕನ್ನೇ ಬಿಟ್ಟಿದ್ದಳು. ಮೂವತ್ತು. ಇಪ್ಪತ್ತಾರನ್ನು ಹೊಡೆದು ಮೂವತ್ತು ಬರೆದು, ಪಕ್ಕದಲ್ಲಿ ಸಹಿ ಹಾಕಿದಳು.

“ಕೂಡೋ ಕೆಲಸ ಇತ್ಲಾಗೆ ಕೊಡು,” ಎಂದರು ಸುವರ್ಣಮ್ಮ. “ಅಂಕಿಗೇನು ಇಂಗ್ಲಿಷ್ ಬೇಕಾ? ನೀನು ಬರೀ ಓದು.”

ಅಲ್ಲಿಂದ ಕೆಲಸದ ಓಟವೇ ಬದಲಾಯಿತು. ಮಂಜುಶ್ರೀ ತಿದ್ದಿ ದೂಡುವುದು, ಸುವರ್ಣಮ್ಮ ಎರಡೆರಡು ಸಲ ಕೂಡಿ ಗಟ್ಟಿಯಾಗಿ ಹೇಳುವುದು, ವಸಂತಮ್ಮ ಪಟ್ಟಿಗೆ ಬರೆಯುವುದು. ಕಡಿಮೆ ಬಂದವರ ಅಂಕಿಯನ್ನು ಸುವರ್ಣಮ್ಮ ಮೆಲ್ಲಗೆ ಹೇಳುತ್ತಿದ್ದರು, ಪಾಪ, ಯಾರಾದರೂ ಕೇಳಿಸಿಕೊಂಡಾರು ಎಂಬಂತೆ. ನಡುವೆ ವಸಂತಮ್ಮ ಟೀ ತಂದಳು. ಪೂಜೆಯ ಬಾಳೆಹಣ್ಣು ಮೂರು ಖಾಲಿಯಾದವು.

ಒಂಬತ್ತೂ ಮುಕ್ಕಾಲಿಗೆ ವಿಜಯಕುಮಾರರು ಒಳಗೆ ಬಂದಾಗ ಕೊನೆಯ ಎರಡು ಉಳಿದಿದ್ದವು. ಯಾರೋ ಹಸಿರು ಸೀರೆಯ ಅಜ್ಜಿ ತಮ್ಮ ಶಾಲೆಯ ಉತ್ತರ ಪತ್ರಿಕೆ ಹಿಡಿದು ಬೆರಳು ಮಡಿಚುತ್ತಿರುವುದನ್ನು ಕಂಡು ಬಾಗಿಲಲ್ಲೇ ನಿಂತರು. ಮಂಜುಶ್ರೀ ಎದ್ದು ನಿಂತು, ನಮ್ಮತ್ತೆ ಸಾರ್, ಕೂಡಿಸೋದು ಮಾತ್ರ ಎಂದಳು. ವಿಜಯಕುಮಾರರು ರಾಶಿಯ ನಡುವಿನಿಂದ ಮೂರು ಪತ್ರಿಕೆ ಎಳೆದು ತಾವೇ ಕೂಡಿ ನೋಡಿದರು. ಮೂರೂ ಸರಿಯಿದ್ದವು. ನಾಲ್ಕನೆಯದನ್ನೂ ನೋಡಿದರು.

“ಹತ್ತನೆ ಕ್ಲಾಸಿನ ಗಣಿತ ಪತ್ರಿಕೆ ಇನ್ನೂ ಕೂಡಿಸಿಲ್ವಂತೆ ಅಮ್ಮಾ,” ಎಂದರು ಗಂಭೀರವಾಗಿ. “ನೀವು ಎಲ್ಲಿಗಾದ್ರೂ ಹೋಗೋದಿತ್ತಾ?”

“ಆನೆ ಕಾಯ್ತಿದೆ ಸ್ವಾಮಿ,” ಎಂದರು ಸುವರ್ಣಮ್ಮ.

ಹತ್ತಕ್ಕೆ ಪಟ್ಟಿ ಕೊಟ್ಟಾಗಿತ್ತು. ತೀರ್ಥಹಳ್ಳಿ ಬಸ್ಸಿನಲ್ಲಿ ನಿಂತೇ ಹೋದರು. ಗಾಜನೂರು ದಾಟುವಾಗ ಮಂಜುಶ್ರೀ ಗಡಿಯಾರ ನೋಡುವುದನ್ನು ನಿಲ್ಲಿಸಿದಳು, ನೋಡಿ ಪ್ರಯೋಜನವಿರಲಿಲ್ಲ. ಇಳಿದು ಹೊಳೆಯ ಕಡೆ ನಡೆಯುವಾಗ ಎದುರಿಗೇ ಆನೆಗಳು ಮೈಯಿಂದ ನೀರು ತೊಟ್ಟಿಕ್ಕಿಸುತ್ತ ದಡ ಹತ್ತಿ ಹೋಗುತ್ತಿದ್ದವು. ಒಂದು, ಇನ್ನೊಂದು, ಅದರ ಹಿಂದೊಂದು ಮರಿ. ಸುವರ್ಣಮ್ಮ ದಾರಿಯ ಬದಿಗೆ ಸರಿದು ನಿಂತರು, ಸೆರಗು ಹೊದ್ದು, ದೊಡ್ಡವರು ಬಂದಾಗ ನಿಲ್ಲುವ ಹಾಗೆ.

ಹೊಳೆಯಲ್ಲಿ ಒಂದು ಮಾತ್ರ ಉಳಿದಿತ್ತು. ವಯಸ್ಸಾದ ಹೆಣ್ಣಾನೆ, ಕಿವಿಯ ಅಂಚು ಹರಿದು ಬಿಳಿಚಿಕೊಂಡಿತ್ತು. ನೀರಲ್ಲಿ ಮಗ್ಗುಲಾಗಿ ಮಲಗಿ, ಸಾಕು ಏಳು ಎಂದು ಮಾವುತ ಎಷ್ಟು ಗದರಿದರೂ ಏಳುತ್ತಿರಲಿಲ್ಲ. ದಿನಾ ಹೀಗೇ ಅಮ್ಮಾ ಇವಳದು, ಎಲ್ಲರಿಗಿಂತ ಕೊನೆ ಎಂದು ಅವನು ದಡದವರಿಗೆ ದೂರು ಹೇಳಿದ. ಹಾಗೇ ಕಾಲು ಗಂಟೆ ಮಲಗಿತ್ತು ಅದು. ಸುವರ್ಣಮ್ಮ ಕಲ್ಲಿನ ಮೇಲೆ ಕೂತು ಅಷ್ಟು ಹೊತ್ತೂ ನೋಡಿದರು. ಕೊನೆಗೆ ಆನೆ ಎದ್ದು ಬಂದಾಗ ಮಾವುತನ ಕೈಗೆ ಬೆಲ್ಲ ಕೊಟ್ಟರು. ಅವನು ಅದನ್ನು ಹುಲ್ಲಿನ ಕಟ್ಟಿನೊಳಗೆ ಇಟ್ಟು ಬಾಯಿಗೆ ಕೊಟ್ಟ. ಆನೆ ಅಗಿಯುತ್ತ, ಬೆಲ್ಲದ ವಾಸನೆ ಎಲ್ಲಿಂದ ಬಂತೆಂದು ಹುಡುಕುವ ಹಾಗೆ ಸೊಂಡಿಲು ಚಾಚಿ, ಸುವರ್ಣಮ್ಮನ ಖಾಲಿ ಅಂಗೈಯನ್ನು ಮೂಸಿ ನೋಡಿತು. ಅವರು ಕೈ ಹಿಂದಕ್ಕೆ ತೆಗೆಯಲಿಲ್ಲ.

“ಈಗಲೂ ತಣ್ಣಗಿದೆ ಕಣೇ,” ಎಂದರು.

ಮಂಜುಶ್ರೀ ಪಕ್ಕದಲ್ಲಿ ನಿಂತಿದ್ದಳು. ಬೆರಳುಗಳ ತುದಿ ಕುಂಕುಮದಿಂದಲೋ ಶಾಯಿಯಿಂದಲೋ ಕೆಂಪಾಗಿತ್ತು. ಹೆಗಲಲ್ಲಿ, ಕೈಯಲ್ಲಿ ಏನೂ ಇರಲಿಲ್ಲ. ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಒಮ್ಮೆ ಕಟ್ಟಿಕೊಂಡಳು, ಒಮ್ಮೆ ಸೊಂಟದ ಮೇಲಿಟ್ಟಳು, ಮತ್ತೆ ಇಳಿಬಿಟ್ಟಳು. ಸುವರ್ಣಮ್ಮ ಅದನ್ನು ನೋಡಿ, ಕಲ್ಲಿನ ಮೇಲಿದ್ದ ಕೆಂಪು ಬಟ್ಟೆಯ ಕಟ್ಟನ್ನು ಎತ್ತಿ ಅವಳ ಕೈಗೆ ಕೊಟ್ಟರು. ಈಗ ಅದರೊಳಗೆ ಅವಲಕ್ಕಿಯ ಡಬ್ಬಿ ಇತ್ತು.

“ಹಿಡ್ಕೋ ಮಾರಾಯ್ತಿ. ಖಾಲಿ ಕೈಲಿ ನಿನ್ನ ನೋಡಿದ್ರೆ ನಮ್ಮನೆ ಸೊಸೆ ಅಂತ್ಲೇ ಅನ್ಸಲ್ಲ.”